ಅಗಸೆ ಬೀಜವೂ ನನ್ನ ದೊಡ್ಡ ಕರುಳೂ

ದೊಡ್ಡ ಕರುಳಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂಬ ಹಂತವನ್ನು ನಾನು ಒಂದು ಭಾನುವಾರ ಮಧ್ಯಾಹ್ನದ ಊಟದೊಳಗೆ ತಲುಪಿದ್ದೆ. ಬೆಳಗಿನ ತಿಂಡಿಯ ಹೊತ್ತಿಗೆ ಅಂಥದ್ದೊಂದು ಅಂಗ ನನ್ನೊಳಗೆ ಇದೆ ಎಂಬುದಷ್ಟೇ ಗೊತ್ತಿತ್ತು. ನಡುವೆ ಮೊಬೈಲಿನಲ್ಲಿ ಕೆಲವು ವಿಡಿಯೊ ನೋಡಿದೆ. ಮಾತಾಡುವವರು ತೀರಾ ನಿಧಾನ ಎನಿಸಿದ್ದರಿಂದ ವೇಗ ಹೆಚ್ಚಿಸಿಕೊಂಡು ನೋಡಿದೆ. ಇಷ್ಟು ಸಣ್ಣ ವಿಷಯ ಕಲಿಯಲು ಜನ ವೈದ್ಯಕೀಯ ಕಾಲೇಜಿಗೆ ಸೇರಿ ಅಷ್ಟೊಂದು ವರ್ಷ ಯಾಕೆ ಹಾಳು ಮಾಡಿಕೊಳ್ಳುತ್ತಾರೋ ಎಂದು ಅವರ ಬಗ್ಗೆ ಕನಿಕರವೂ ಆಯಿತು.

ಈ ಅಧ್ಯಯನಕ್ಕೆ ಕಾರಣ ದಾವಣಗೆರೆಯಲ್ಲಿರುವ ನನ್ನ ಅಣ್ಣ. ಅವನಿಗೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಬೇರೊಂದು ತಪಾಸಣೆಯಲ್ಲಿ ಬೇಗ ಗೊತ್ತಾದ್ದರಿಂದ ಆಪರೇಷನ್ ಮಾಡಿ ತೆಗೆದಿದ್ದರು. ಈಗ ಎದ್ದು ಓಡಾಡುತ್ತಿದ್ದ. ಹಾಗೆ ಎದ್ದು ಓಡಾಡತೊಡಗಿದವನು ಮಾಡಿದ ಮೊದಲ ಕೆಲಸ ನನಗೆ ಫೋನ್ ಮಾಡಿದ್ದು.

“ಲೇ ಜಯಾ, ಒಡಹುಟ್ಟಿದೋರು ಎಲ್ಲಾ ಒಂದ್ಸಲ ತೋರಿಸ್ಕೋಬೇಕು ಅಂತ ಡಾಕ್ಟ್ರು ಹೇಳ್ಯಾರೆ. ನೀನೂ ಮಾಡಿಸಿಬಿಡೋ” ಎಂದ.

“ಏನ್ ಮಾಡ್ತಾರಣ್ಣ?”

“ಕ್ಯಾಮೆರಾ ಇರೋ ಟ್ಯೂಬ್ ಬಿಟ್ಟು ನೋಡ್ತಾರೆ.”

“ಬಾಯಿಂದಾನಾ?”

ಅಣ್ಣ ಒಮ್ಮೆ ಕೆಮ್ಮಿದ. ಆಮೇಲೆ “ಅಲ್ಲ” ಎಂದ.

ಆ ಕ್ಷಣವೇ ನನ್ನ ನಿರ್ಧಾರ ಗಟ್ಟಿಯಾಯಿತು. ನಾನು ಹಲಸೂರಿನ ಇನ್ಶೂರೆನ್ಸ್ ಕಚೇರಿಯೊಂದರಲ್ಲಿ ಹಿರಿಯ ಅಧಿಕಾರಿ. ನನ್ನ ಕೈಕೆಳಗೆ ಜನರಿದ್ದಾರೆ. ಆ ದಾರಿಯಲ್ಲಿ ಹುಟ್ಟಿದಂದಿನಿಂದ ಏಕಮುಖ ಸಂಚಾರ ಜಾರಿಯಲ್ಲಿತ್ತು. ಅದನ್ನು ಬದಲಿಸುವ ಉದ್ದೇಶ ನನಗಿರಲಿಲ್ಲ.

ವಿಡಿಯೊಗಳು ನನ್ನ ಕೈ ಹಿಡಿದವು. ನಾರು ತಿನ್ನಿ, ಹೊಟ್ಟೆ ಕರಗುತ್ತದೆ. ನಾರು ತಿನ್ನಿ, ಕರುಳಿನ ಕ್ಯಾನ್ಸರ್ ದೂರವಿರುತ್ತದೆ. ನನಗೆ ಬೇಕಾದದ್ದು ಇವೆರಡೇ. ಶರ್ಟಿನ ಗುಂಡಿಗಳ ನಡುವೆ ಆಗಲೇ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಅಣ್ಣನಿಗೆ ಬಂದದ್ದು ಅವನು ಹೋಟೆಲ್ಲಿನ ಬೆಣ್ಣೆ ದೋಸೆ ತಿಂದದ್ದರಿಂದ, ನಾರು ತಿನ್ನುವವನಿಗೆ ಪರೀಕ್ಷೆಯ ಅಗತ್ಯವೇ ಇಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡೆ. ಈ ಮಾತು ಯಾವ ವಿಡಿಯೊದಲ್ಲೂ ಇರಲಿಲ್ಲ. ಸಂಶೋಧಕ ನಾನೇ.

ಮಾರನೆಯ ದಿನ ಸಂಜೆ ಇಂದಿರಾನಗರದ ಸಾವಯವ ಅಂಗಡಿಗೆ ಹೋದೆ. ಅಲ್ಲಿ ಗೋಧಿಯ ತೌಡನ್ನು ಗಾಜಿನ ಬಾಟಲಿಗೆ ತುಂಬಿ, ಬಾಟಲಿಯ ಕುತ್ತಿಗೆಗೆ ಸೆಣಬಿನ ದಾರ ಕಟ್ಟಿ, ಹಿತವಾದ ಬೆಳಕಿನ ಕೆಳಗೆ ಕೂರಿಸಿದ್ದರು. ಸುತ್ತ ನಿಂತಿದ್ದವರು ಅದನ್ನು ದೇವರ ಪ್ರಸಾದದಂತೆ ಎತ್ತಿ ನೋಡುತ್ತಿದ್ದರು. ನನಗೆ ನಗು ಬಂತು. ದಾರಕ್ಕೆ ಮರುಳಾಗುವ ಜನ. ನಾನು ಮಧ್ಯ ಕರ್ನಾಟಕದವನು, ಬೂಸಾ ನೋಡಿದರೆ ಬೂಸಾ ಎಂದು ಗುರುತು ಹಿಡಿಯುವಷ್ಟು ಬುದ್ಧಿ ಇದೆ. ನೇರವಾಗಿ ಶಿವಾಜಿನಗರಕ್ಕೆ ಹೋಗಿ, ಹಿಂಡಿ ಬೂಸಾ ಮಾರುವ ಅಂಗಡಿಯಲ್ಲಿ ಒಂದು ಚೀಲವನ್ನೇ ಕೇಳಿದೆ.

“ಹಸು ಎಷ್ಟಿದೆ ಸಾರ್?” ಎಂದ ಅಂಗಡಿಯವನು.

ವಿವರಿಸುತ್ತಾ ಕೂರುವುದು ಬೇಡವೆಂದು “ಒಂದೇ” ಎಂದೆ.

ಕಾಕ್ಸ್ ಟೌನಿನ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಚೀಲ ಇಳಿದಾಗ ನನ್ನ ಹೆಂಡತಿ ಗಿರಿಜಾ ಹೊರಗೆ ಬಂದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮನೆಯಲ್ಲೂ ಉತ್ತರಕ್ಕಿಂತ ಮೊದಲು ಹೆಜ್ಜೆ ಕೇಳುವ ಅಭ್ಯಾಸ.

“ಏನ್ರೀ ಇದು?”

“ನಾರು.”

ಅವಳು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಮೂಸಿದಳು. “ಇದು ಬೂಸಾ. ನಮ್ಮಪ್ಪ ಎಮ್ಮೆಗೆ ಹಾಕ್ತಿದ್ರು.”

“ಎಮ್ಮೆಗೆ ಕರುಳಿನ ಕ್ಯಾನ್ಸರ್ ಬಂದಿದ್ದು ಎಲ್ಲಾದ್ರೂ ಕೇಳಿದೀಯಾ?”

“ಎಮ್ಮೆ ಸಣ್ಣ ಆಗಿದ್ದೂ ಕೇಳಿಲ್ಲ” ಎಂದು ಚೀಲದ ಬಾಯಿ ಕಟ್ಟಿದಳು. ನಂತರ ಧ್ವನಿ ತಗ್ಗಿಸಿ, “ಭಾವ ಹೇಳಿದ ಪರೀಕ್ಷೆ ಯಾವತ್ತು ಮಾಡಿಸ್ತೀರಿ?” ಎಂದಳು.

“ಅದರ ಅವಶ್ಯಕತೆ ಇನ್ನು ಇಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ತಪ್ಪು ಉತ್ತರ ಬರೆದ ಹುಡುಗ ತಾನೇ ಅದಕ್ಕೆ ರೈಟ್ ಮಾರ್ಕು ಹಾಕಿಕೊಂಡು ಬಂದರೆ ಹೇಗೆ ನೋಡುತ್ತಾಳೋ ಹಾಗೆ.

ಅಂದಿನಿಂದ ಮನೆಯಲ್ಲಿ ನನ್ನ ಆಡಳಿತ ಆರಂಭವಾಯಿತು. ಬಿಳಿ ಅನ್ನಕ್ಕೆ ಬಹಿಷ್ಕಾರ ಹಾಕಿದೆ. ಮೈದಾ ಎಂಬ ಪದವನ್ನು ಮನೆಯೊಳಗೆ ಉಚ್ಚರಿಸುವಂತಿರಲಿಲ್ಲ. ಕೆಳಗಿನ ಬೇಕರಿಯಿಂದ ಸಂಜೆ ಬನ್ನಿನ ವಾಸನೆ ಬಂದರೆ ಕಿಟಕಿ ಮುಚ್ಚುತ್ತಿದ್ದೆ. ಬೆಳಗ್ಗೆ ಅಗಸೆ ಬೀಜ, ಸಬ್ಜಾ ಬೀಜ, ಮೆಂತ್ಯೆ. ಮಧ್ಯಾಹ್ನ ಬೂಸಾ ಬೆರೆಸಿದ ರೊಟ್ಟಿ. ರಾತ್ರಿ ನವಣೆ ಅನ್ನದ ಮೇಲೆ ಮತ್ತೆ ಅಗಸೆ ಬೀಜದ ಪುಡಿ, ಮಲಗುವ ಮುನ್ನ ಇಸಬ್ಗೋಲ್. ನಡುನಡುವೆ ಹಸಿವಾದಾಗ ಖರ್ಜೂರ, ಕಡಲೆಬೀಜದ ಚಿಕ್ಕಿ ಮತ್ತು ನಾರಿನ ಬಿಸ್ಕತ್ತು. ನಾರಿದ್ದ ಮೇಲೆ ಎಷ್ಟು ತಿಂದರೂ ಲೆಕ್ಕಕ್ಕಿಲ್ಲ ಎಂಬುದು ನನ್ನ ಇನ್ನೊಂದು ಸಂಶೋಧನೆ.

ಬೂಸಾ ರೊಟ್ಟಿಯನ್ನು ಗಿರಿಜಾ ಬೇಯಿಸಲು ಒಪ್ಪಲಿಲ್ಲ. ನಾನೇ ತಟ್ಟಿದೆ. ಅದು ಮುರಿಯುತ್ತಿರಲಿಲ್ಲ, ಬಾಗುತ್ತಲೂ ಇರಲಿಲ್ಲ. ಸಾರಿನಲ್ಲಿ ನೆನೆಹಾಕಿದರೆ ಸಾರು ಖಾಲಿಯಾಗುತ್ತಿತ್ತು, ರೊಟ್ಟಿ ಹಾಗೆಯೇ ಇರುತ್ತಿತ್ತು. ನಾನು ಗರಗಸದಂತೆ ಹಲ್ಲಾಡಿಸುವಾಗ ಗಿರಿಜಾ ಎದುರಿಗೆ ಕೂತು ಬಿಳಿ ಅನ್ನಕ್ಕೆ ತುಪ್ಪ ಹಾಕಿ, ನಿಧಾನವಾಗಿ ಕಲಸಿ ತಿನ್ನುತ್ತಿದ್ದಳು. ಅವಳ ಅಜ್ಞಾನಕ್ಕೆ ನಾನು ಮರುಗುತ್ತಿದ್ದೆ. ತುಪ್ಪದ ವಾಸನೆ ಬಂದಾಗ ಮಾತ್ರ ಮರುಕ ಸ್ವಲ್ಪ ಬೇರೆ ರೂಪ ಪಡೆಯುತ್ತಿತ್ತು.

ಕಚೇರಿಯಲ್ಲೂ ನಾನು ಧರ್ಮಪ್ರಚಾರ ಶುರು ಮಾಡಿದೆ. ಪಕ್ಕದ ಟೇಬಲ್ಲಿನ ಇಲಿಯಾಸ್ ಫ್ರೇಜರ್ ಟೌನಿನವನು. ಅವನ ಮನೆಯಿಂದ ಬರುವ ಊಟದ ಡಬ್ಬಿ ತೆಗೆದರೆ ಇಡೀ ಮಹಡಿಯ ಜನ ತಲೆಯೆತ್ತುತ್ತಾರೆ. ಒಂದು ದಿನ ಅವನು ಬಿರಿಯಾನಿಯ ಮೊದಲ ತುತ್ತು ಬಾಯಿಗೆ ಒಯ್ಯುವಾಗ ನಾನು ಎದ್ದು ನಿಂತು ಕೇಳಿದೆ: “ಇಲಿಯಾಸ್, ಇದರಲ್ಲಿ ನಾರು ಎಲ್ಲಿದೆ?”

ಅವನು ಡಬ್ಬಿಯೊಳಗೆ ಇಣುಕಿ ನೋಡಿದ. “ನಾರು ಬೇಕಂದ್ರೆ ಮಾರ್ಕೆಟ್ ಮುಂದೆ ಹೂ ಕಟ್ಟೋರ ಹತ್ರ ಹೋಗಿ ಸಾಬ್, ಕಟ್ಟುಗಟ್ಲೆ ಇಟ್ಕೊಂಡಿರ್ತಾರೆ” ಎಂದು ತುತ್ತನ್ನು ಬಾಯಿಗೆ ಹಾಕಿಕೊಂಡ.

ಇಡೀ ಮಹಡಿ ನಕ್ಕಿತು. ಸತ್ಯ ಹೇಳುವವರನ್ನು ನೋಡಿ ಲೋಕ ನಗುವುದು ಹೊಸದೇನಲ್ಲ ಎಂದು ನಾನು ನನ್ನ ರೊಟ್ಟಿಯ ಮೇಲೆ ಗಮನ ಕೇಂದ್ರೀಕರಿಸಿದೆ.

ಕೆಲವೇ ದಿನಗಳಲ್ಲಿ ನನ್ನ ಹೊಟ್ಟೆ ಮಾತಾಡತೊಡಗಿತು. ಮೊದಮೊದಲು ಪಿಸುಮಾತು, ಆಮೇಲೆ ಸಾರ್ವಜನಿಕ ಭಾಷಣ. ವಾಯುವಿನ ಬಗ್ಗೆ ಹೆಚ್ಚು ಬರೆಯುವುದು ಸಭ್ಯತೆಯಲ್ಲ. ನಾನು ಹತ್ತಿದ ಲಿಫ್ಟಿಗೆ ನಮ್ಮ ಕಟ್ಟಡದವರು ಹತ್ತುವುದನ್ನು ಬಿಟ್ಟು ಮೆಟ್ಟಿಲು ಬಳಸತೊಡಗಿದರು ಎಂದಷ್ಟೇ ಹೇಳಿದರೆ ಸಾಕು. ಅವರ ಆರೋಗ್ಯ ಸುಧಾರಿಸಿತು. ಆ ಮಟ್ಟಿಗೆ ನನ್ನ ಪಥ್ಯ ಯಶಸ್ವಿ.

ಎದುರು ಫ್ಲ್ಯಾಟಿನಲ್ಲಿ ಫಿಲೋಮಿನಾ ಆಂಟಿ ಇದ್ದಾರೆ. ಅವರ ಗಂಡ ತೀರಿಕೊಂಡ ದಿನಕ್ಕೆ ಪ್ರತಿ ವರ್ಷ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸುತ್ತಾರೆ, ನಮ್ಮನ್ನೂ ಕರೆಯುತ್ತಾರೆ. ಈ ವರ್ಷವೂ ಹೋದೆವು. ಪಾದ್ರಿಗಳು ಅಗಲಿದ ಆತ್ಮಕ್ಕಾಗಿ ಮೌನವಾಗಿ ಪ್ರಾರ್ಥಿಸೋಣ ಎಂದರು. ಎಲ್ಲರೂ ತಲೆ ತಗ್ಗಿಸಿದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಗ ನನ್ನ ಹೊಟ್ಟೆ ಎದ್ದು ನಿಂತಿತು. ಏರಿನಲ್ಲಿ ಕೆಟ್ಟು ನಿಂತ ಲಾರಿಯನ್ನು ಡ್ರೈವರ್ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಿದಂಥ ಸದ್ದು. ಅದು ಹಳೆಯ ಗೋಡೆಗಳಿಗೆ ತಗುಲಿ, ಎತ್ತರದ ಚಾವಣಿಗೆ ಏರಿ, ಇನ್ನೊಮ್ಮೆ ಕೆಳಗಿಳಿಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಶಿಲುಬೆಯ ಗುರುತು ಮಾಡಿಕೊಂಡರು. ಪಾದ್ರಿಗಳು ಕಣ್ಣು ತೆರೆದು ನಮ್ಮ ಸಾಲನ್ನು ನೋಡಿದರು. ನಾನು ಗಿರಿಜಾಳ ಕಡೆ ತಿರುಗಿ ನೋಡಿದೆ, ಸದ್ದು ಅವಳದೇನೋ ಎಂಬಂತೆ. ಆ ಕೆಲಸಕ್ಕೆ ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಹೊರಗೆ ಬಂದಾಗ ಫಿಲೋಮಿನಾ ಆಂಟಿ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. “ಅಯ್ಯೋ ಪಾವಂ, ಎಷ್ಟು ಹಸಿವು ಸಾರ್ ನಿಮಗೆ. ಮೇಡಂ ಸ್ಕೂಲಿಗೆ ಹೋಗ್ತಾರೆ, ಅಡುಗೆ ಮಾಡೋಕೆ ಟೈಮ್ ಸಿಗಲ್ಲ ಅಲ್ವಾ? ನಂಗೆ ಹೇಳ್ಬಾರ್ದಾ?”

ನಾನು ಅಲ್ಲೇ ವಿವರಿಸಬೇಕಿತ್ತು. ಆದರೆ ಆ ಮೌನಪ್ರಾರ್ಥನೆಯ ಸದ್ದು ಬೂಸಾದಿಂದ ಬಂದದ್ದು ಎಂದು ಹೇಳುವುದಕ್ಕಿಂತ, ಹಸಿವಿನಿಂದ ಬಂದದ್ದು ಎಂದರೆ ಮರ್ಯಾದೆ ಜಾಸ್ತಿ ಎನಿಸಿತು. ತಲೆ ತಗ್ಗಿಸಿ ಸುಮ್ಮನಿದ್ದೆ. ಅದು ಒಪ್ಪಿಗೆಯಂತೆಯೇ ಕಂಡಿತು.

ಮರುದಿನದಿಂದ ಎದುರು ಮನೆಯಿಂದ ಮುಚ್ಚಿದ ತಟ್ಟೆಗಳು ಬರತೊಡಗಿದವು. ಇಡಿಯಪ್ಪಂ, ತೆಂಗಿನ ಹಾಲು, ಕೇಕು. ಕಟ್ಟಡದ ಹೆಂಗಸರು ಗಿರಿಜಾಳನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಒಬ್ಬಾಕೆ ಅವಳಿಗೆ ಸುಲಭವಾಗಿ ಅಡುಗೆ ಮಾಡುವ ವಿಧಾನಗಳ ವಿಡಿಯೊ ಕಳಿಸಿದಳು.

“ಇಡೀ ಬಿಲ್ಡಿಂಗಲ್ಲಿ ನಾನು ಗಂಡನ್ನ ಉಪವಾಸ ಕೆಡವಿದೋಳು ಅಂತ ಹೆಸರಾಗಿದೆ” ಎಂದಳು ಗಿರಿಜಾ. ಧ್ವನಿ ಏರಿಸಲಿಲ್ಲ. ಅವಳು ಧ್ವನಿ ಏರಿಸದಿದ್ದಾಗ ನಾನು ಸಾಮಾನ್ಯವಾಗಿ ಬಾಲ್ಕನಿಗೆ ಹೋಗುತ್ತೇನೆ. ಹೋದೆ. ಹೋಗುವಾಗ ಕೇಕಿನ ತುಂಡೂ ಜೊತೆಗಿತ್ತು. ಅದರಲ್ಲಿ ದ್ರಾಕ್ಷಿ ಇತ್ತು, ದ್ರಾಕ್ಷಿಯಲ್ಲಿ ನಾರಿರುತ್ತದೆ.

ಆಮೇಲೆ ಒಂದು ದಿನ ಎಲ್ಲವೂ ನಿಂತುಹೋಯಿತು. ಸದ್ದಿಲ್ಲ, ಸಂಚಾರವಿಲ್ಲ. ಕೆ.ಆರ್. ಪುರದ ಸೇತುವೆಯ ಮೇಲೆ ಸಂಜೆ ಸಿಕ್ಕಿಬಿದ್ದ ಬಸ್ಸಿನ ಹಾಗೆ, ಒಳಗಿದ್ದದ್ದು ಒಳಗೇ ಕೂತಿತು. ಬೆಳಗ್ಗೆ ಪೇಪರ್ ಹಿಡಿದು ಒಳಗೆ ಹೋದರೆ ಸಂಪಾದಕೀಯದಿಂದ ಹಿಡಿದು ಟೆಂಡರ್ ಪ್ರಕಟಣೆಗಳವರೆಗೆ ಓದಿ ಮುಗಿಸಿ ಬರುತ್ತಿದ್ದೆ. ಜ್ಞಾನ ಹೆಚ್ಚಿತು, ಬೇರೇನೂ ಆಗಲಿಲ್ಲ. ಬುದ್ಧಿವಂತನಾದವನು ಇಲ್ಲಿ ನಿಲ್ಲಿಸುತ್ತಾನೆ. ನಾರು ಸಾಲದೆ ಹೀಗಾಗಿದೆ ಎಂದು ನಾನು ಬೂಸಾದ ಪ್ರಮಾಣ ಹೆಚ್ಚಿಸಿದೆ.

ಕೊನೆಗೆ ಕಚೇರಿಯ ಒಂದು ಸಭೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಬಾಗಿದವನು ಮತ್ತೆ ನೆಟ್ಟಗಾಗಲಿಲ್ಲ. ಮೇಲಧಿಕಾರಿಗಳು ಮೊದಲಿಗೆ ಅದನ್ನು ವಿನಯ ಎಂದುಕೊಂಡರಂತೆ. ಇಲಿಯಾಸ್ ಬಂದು ಭುಜ ಹಿಡಿದ.

“ಸಾಬ್, ಮುಖ ಎಲ್ಲಾ ಬೆವರ್ತಿದೆ. ನಡೀರಿ, ನಮ್ಮಮ್ಮನ್ನ ನೋಡೋ ಡಾಕ್ಟ್ರ ಹತ್ರ ಹೋಗೋಣ. ಹೊಟ್ಟೆ ಕರುಳಿಂದೇ ಸ್ಪೆಷಲಿಸ್ಟು.”

ಆಟೊದಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ನಾನು ಅವನ ತೋಳು ಹಿಚುಕುತ್ತಿದ್ದೆ. ಅವನು ನಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಡಾಕ್ಟರ್ ಶಹನಾಜ್ ಗಂಭೀರ ಹೆಂಗಸು. ಹೊಟ್ಟೆ ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಅಷ್ಟರಲ್ಲಿ ಗಿರಿಜಾ ಶಾಲೆಯಿಂದ ಓಡಿ ಬಂದಿದ್ದಳು.

“ಏನ್ ತಿಂತಿದೀರಿ?” ಎಂದು ಕೇಳಿದರು ಡಾಕ್ಟರ್.

ಆ ನೋವಿನಲ್ಲೂ ನನಗೆ ಹೆಮ್ಮೆ ಉಕ್ಕಿತು. ಅಗಸೆಯಿಂದ ಆರಂಭಿಸಿ ಬೂಸಾದವರೆಗೆ ಎಲ್ಲವನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು.

“ನೀರು?”

“ಅದೂ ಕುಡೀತೀನಿ. ಮಾತ್ರೆ ನುಂಗೋವಾಗ.”

“ಇಷ್ಟು ನಾರು ಒಂದೇ ಸಲ ಶುರು ಮಾಡಿ, ನೀರು ಕುಡೀದೆ ಇದ್ರೆ ಒಳಗೆ ಇಟ್ಟಿಗೆ ತಯಾರಾಗತ್ತೆ. ನೀವು ನೋಡಿರೋ ವಿಡಿಯೊದಲ್ಲಿ ಇದನ್ನ ಹೇಳಿರ್ಲಿಲ್ವಾ?”

ಹೇಳಿದ್ದರಂತೆ. ಆಮೇಲೆ ಹಾಕಿ ನೋಡಿದೆ, ಎಲ್ಲರೂ ಹೇಳಿದ್ದರು. ನಾನು ಇಟ್ಟುಕೊಂಡಿದ್ದ ವೇಗಕ್ಕೆ ಅದು ಕೆಮ್ಮಿದಂತೆ ಕೇಳಿಸಿತ್ತು.

ಎನಿಮಾ ಕೊಡಬೇಕು ಎಂದರು. ಏಕಮುಖ ಸಂಚಾರದ ನಿಯಮ ಆ ಮಧ್ಯಾಹ್ನ ಮುರಿದುಬಿತ್ತು. ಆ ಒಂದು ಗಂಟೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಹೊರಗೆ ಬಂದಾಗ ಜಗತ್ತು ಹೊಸದಾಗಿ ಕಂಡಿತು, ಕಾರಿಡಾರಿನ ಕಸದ ಬುಟ್ಟಿಯೂ ಚೆನ್ನಾಗಿ ಕಂಡಿತು. ಆಗ ನರ್ಸ್ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಪಥ್ಯ ಶುರು ಮಾಡಿದಾಗ ಇದ್ದದ್ದಕ್ಕಿಂತ ಹೆಚ್ಚಾಗಿದ್ದೆ. ಒಳಗಿನದ್ದೆಲ್ಲ ಹೋದ ಮೇಲೂ ಹೆಚ್ಚಾಗಿದ್ದೆ.

“ಚಿಕ್ಕಿ” ಎಂದಳು ಗಿರಿಜಾ, ಯಂತ್ರದ ಮುಳ್ಳನ್ನು ನೋಡುತ್ತಾ. ಆಮೇಲೆ ಡಾಕ್ಟರ ಕಡೆ ತಿರುಗಿ, ಭಾವನಿಗೆ ಆದದ್ದನ್ನೂ, ನಾನು ಪರೀಕ್ಷೆ ಬೇಡವೆಂದದ್ದನ್ನೂ ಹೇಳಿಬಿಟ್ಟಳು.

ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು. “ನಾರು ಒಳ್ಳೇದೇ. ಕಾಳು, ಸೊಪ್ಪು, ಹಣ್ಣು, ರಾಗಿ ಎಲ್ಲಾ ತಿನ್ನಿ, ಅಪಾಯ ಕಮ್ಮಿ ಆಗತ್ತೆ. ಕಮ್ಮಿ ಆಗತ್ತೆ ಅಂದೆ, ಇಲ್ಲ ಅಂತ ಅಲ್ಲ. ಹೆಲ್ಮೆಟ್ ಹಾಕಿದೀನಿ ಅಂತ ಗಾಡಿ ಬ್ರೇಕ್ ಕಿತ್ತಾಕ್ತೀರಾ? ಅಣ್ಣನಿಗೇ ಬಂದಿದೆ. ನೀವು ಕೊಲೊನೊಸ್ಕೋಪಿ ಮಾಡಿಸ್ಲೇಬೇಕು.”

ಆ ಹೊತ್ತಿಗೆ ನನ್ನ ಬಳಿ ಕಾಪಾಡಿಕೊಳ್ಳಲು ಏನೂ ಉಳಿದಿರಲಿಲ್ಲ. ಒಪ್ಪಿದೆ. ಹೊಟ್ಟೆ ಸರಿಹೋದ ಮೇಲೆ ದಿನ ಗೊತ್ತುಮಾಡಿದರು. ಪರೀಕ್ಷೆಗೆ ಮೊದಲಿನ ಕೆಲವು ದಿನ ಸೊಪ್ಪು, ಕಾಳು, ಸಿರಿಧಾನ್ಯ ಯಾವುದೂ ಕೂಡದು. ಬೀಜವಂತೂ ಖಂಡಿತ ಕೂಡದು ಎಂದು ಬೆರಳೆತ್ತಿ ಹೇಳಿದರು. ಬಿಳಿ ಅನ್ನ, ಮೊಸರು, ಇಡ್ಲಿ, ಬಿಳಿ ಬ್ರೆಡ್ಡು. ಇವಿಷ್ಟೇ.

ಮನೆಯಲ್ಲಿ ಗಿರಿಜಾ ನನ್ನ ತಟ್ಟೆಗೆ ಬಿಳಿ ಅನ್ನ ಬಡಿಸಿದಳು. ಬಡಿಸುವ ಚಮಚ ತಟ್ಟೆಗೆ ತಾಗಿದ ಸದ್ದಿನಲ್ಲೇ ಎಲ್ಲವೂ ಇತ್ತು. ಕಚೇರಿಯಲ್ಲಿ ಮೊಸರನ್ನದ ಡಬ್ಬಿ ತೆಗೆದಾಗ ಇಲಿಯಾಸ್ ಎದ್ದು ಬಂದು, ಡಬ್ಬಿಯೊಳಗೆ ಬಗ್ಗಿ ನೋಡಿ, ತುಂಬಾ ಕಳಕಳಿಯಿಂದ “ನಾರು ಎಲ್ಲಿ ಸಾಬ್?” ಎಂದ.

ಅಲ್ಲಿ ನನ್ನ ಸಹನೆ ಮುರಿಯಿತು. ಇಷ್ಟು ಜನರೆದುರು ಬಿಳಿ ಅನ್ನವನ್ನು ಬೈದವನು ಬಿಳಿ ಅನ್ನ ತಿನ್ನುತ್ತಾ ಕೂರುವುದೇ? ಡಾಕ್ಟರ್ ಹೇಳಿದ್ದು ಸಾಮಾನ್ಯ ರೋಗಿಗಳಿಗೆ. ನನ್ನ ಕರುಳು ಬೀಜಗಳಿಗೆ ಒಗ್ಗಿದ ಕರುಳು. ಅದೂ ಅಲ್ಲದೆ ಅಗಸೆ ಬೀಜ ಎಷ್ಟು ಸಣ್ಣದು, ಅಷ್ಟು ದೊಡ್ಡ ಆಸ್ಪತ್ರೆಗೆ ಅದೊಂದು ತೊಂದರೆಯೇ? ಕಚೇರಿಯ ಡ್ರಾಯರಿನಲ್ಲಿ ಹಳೆಯ ಡಬ್ಬಿ ಇತ್ತು. ಎಲ್ಲರಿಗೂ ಕಾಣುವಂತೆ ಒಂದು ಚಮಚ ಅಗಸೆ ಬೀಜವನ್ನು ಮೊಸರನ್ನದ ಮೇಲೆ ಉದುರಿಸಿಕೊಂಡೆ. ಪರೀಕ್ಷೆಯ ಹಿಂದಿನ ದಿನದ ತನಕವೂ ಉದುರಿಸಿಕೊಂಡೆ. ಗಿರಿಜಾಗೆ ಹೇಳಲಿಲ್ಲ. ಅವಳಿಗೆ ಸಾಕಷ್ಟು ಚಿಂತೆಗಳಿದ್ದವು.

ಹಿಂದಿನ ಸಂಜೆ ಹೊಟ್ಟೆ ತೊಳೆಯಲೆಂದು ಪುಡಿ ಕಲಸಿದ ನೀರನ್ನು ಜಗ್ಗುಗಟ್ಟಲೆ ಕುಡಿಯಬೇಕಿತ್ತು. ಉಪ್ಪಿನ ನೀರಿನಲ್ಲಿ ನಿಂಬೆಹಣ್ಣಿನ ಚಿತ್ರವನ್ನು ಅದ್ದಿ ತೆಗೆದಂಥ ರುಚಿ. ಅದನ್ನು ಕುಡಿದವನ ಬದುಕು ಮುಂದೆ ಎಲ್ಲಿ ಕಳೆಯುತ್ತದೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಇಷ್ಟು ಹೋದ ಮೇಲೆ ಬೀಜ ಯಾವ ಲೆಕ್ಕ ಎಂದು ಸಮಾಧಾನ ಮಾಡಿಕೊಂಡೆ.

ಬೆಳಗ್ಗೆ ಆಸ್ಪತ್ರೆಯಲ್ಲಿ ಹಿಂದೆ ಕಟ್ಟುವ ಹಸಿರು ಗೌನು ಕೊಟ್ಟರು. ಹಿರಿಯ ಅಧಿಕಾರಿಯೊಬ್ಬನನ್ನು ಸಾಮಾನ್ಯ ಮನುಷ್ಯನನ್ನಾಗಿ ಮಾಡಲು ಅದರಷ್ಟು ಪರಿಣಾಮಕಾರಿ ವಸ್ತು ಇನ್ನೊಂದಿಲ್ಲ. ಕೈಗೆ ಸೂಜಿ ಚುಚ್ಚಿದರು. ನಿದ್ದೆ ಬಂತು.

ಎಚ್ಚರವಾದಾಗ ಡಾಕ್ಟರ್ ಶಹನಾಜ್ ಮತ್ತು ಗಿರಿಜಾ ನನ್ನ ಮಂಚದ ಪಕ್ಕ ನಿಂತಿದ್ದರು.

“ಏನೂ ಕಾಣಿಸ್ಲಿಲ್ಲ” ಎಂದರು ಡಾಕ್ಟರ್.

ನನ್ನ ಎದೆ ತುಂಬಿ ಬಂತು. ಮದ್ದಿನ ಮಂಪರಿನಲ್ಲೇ ಮೊಣಕೈ ಊರಿ ಎದ್ದೆ. “ನೋಡಿದ್ಯಾ ಗಿರಿಜಾ? ಏನೂ ಇಲ್ಲ. ನಾರಿನ ಮಹಿಮೆ. ಡಾಕ್ಟ್ರೇ, ನಾನು ಮೊದಲೇ ಹೇಳಿದ್ದೆ...”

“ಏನೂ ಇಲ್ಲ ಅನ್ಲಿಲ್ಲ. ಏನೂ ಕಾಣಿಸ್ಲಿಲ್ಲ ಅಂದೆ. ಬೀಜ ಬಿಟ್ಟು.”

ನಾನು ನಿಧಾನವಾಗಿ ಮತ್ತೆ ಮಲಗಿದೆ.

“ಎಲ್ಲಿ ನೋಡಿದ್ರೂ ಅಗಸೆ ಬೀಜ. ಗೋಡೆಗೆ ಅಂಟ್ಕೊಂಡಿದಾವೆ. ನೀರು ಹಾಕಿ ಎಳ್ಕೊಳೋಕೆ ಹೋದ್ರೆ ಸ್ಕೋಪಿನ ಕೊಳವೆ ಕಟ್ಟಿಕೊಳ್ತು. ಅರ್ಧಕ್ಕೇ ವಾಪಸ್ ಬಂದ್ವಿ. ಪೂರ್ತಿ ಇನ್ನೊಂದ್ಸಲ ಮಾಡ್ಬೇಕು.”

ಗಿರಿಜಾ ನನ್ನ ಹತ್ತಿರ ಬಾಗಿದಳು. “ಬೀಜ ಎಲ್ಲಿಂದ ಬಂತು ರೀ?”

ಹಿಂದಿನಿಂದ ಗಾಳಿಯಾಡುವ ಗೌನು ಹಾಕಿಕೊಂಡು ಸುಳ್ಳು ಹೇಳುವುದು ಕಷ್ಟ. ಕಚೇರಿಯ ಡ್ರಾಯರಿನ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಳಗೆ ಏನಿದೆಯೋ ಅಂತ ನಾನು ಆ ಬಾಗಿಲ ಹೊರಗೆ ಕೂತು ಎಷ್ಟು ಹೆದರಿದ್ದೆ ಗೊತ್ತಾ ನಿಮಗೆ? ಆಟ ಅಂದ್ಕೊಂಡಿದೀರಾ?” ಎಂದಳು.

ಅಲ್ಲಿಯವರೆಗೆ ನನಗೆ ನನ್ನ ಮರ್ಯಾದೆಯದೇ ಚಿಂತೆ. ಅವಳ ಕಣ್ಣು ನೋಡಿದ ಮೇಲೆ ನನಗೂ ಮೊದಲ ಬಾರಿಗೆ ಭಯವಾಯಿತು. ಅಣ್ಣನಿಗೆ ಫೋನ್ ಮಾಡಿ, ಅವನಿಗೆ ಶುರುವಿನಲ್ಲಿ ಏನಾದರೂ ಗೊತ್ತಾಗಿತ್ತೇ ಎಂದು ಕೇಳಿದೆ.

“ಏನೂ ಗೊತ್ತಾಗ್ಲಿಲ್ಲ ಕಣೋ. ಚೆನ್ನಾಗೇ ಇದ್ದೆ. ಅದಕ್ಕೇ ನಿನಗೆ ಬಡ್ಕೊಂಡಿದ್ದು” ಎಂದ.

ಎರಡನೆಯ ಸಲ ಗಿರಿಜಾ ಯಾವ ಅವಕಾಶವನ್ನೂ ಬಿಡಲಿಲ್ಲ. ತಾನೂ ರಜೆ ಹಾಕಿದಳು, ನನಗೂ ಹಾಕಿಸಿದಳು. ಇಲಿಯಾಸನಿಗೆ ಫೋನ್ ಮಾಡಿ ನನ್ನ ಡ್ರಾಯರ್ ಖಾಲಿ ಮಾಡಿಸಿದಳು. ಎದುರು ಮನೆಗೆ ಹೋಗಿ ಬೂಸಾದಿಂದ ಹಿಡಿದು ಬೀಜದವರೆಗೆ ಎಲ್ಲವನ್ನೂ ಹೇಳಿ ತನ್ನ ಹೆಸರನ್ನು ಮರಳಿ ಪಡೆದಳು. ಫಿಲೋಮಿನಾ ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರಂತೆ. ಸಂಜೆಯೊಳಗೆ ನಮ್ಮ ಕಟ್ಟಡದಲ್ಲಿ ನನ್ನ ಕರುಳಿನ ಸ್ಥಿತಿಗತಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ವಾಚ್‌ಮನ್ ಗೇಟು ತೆರೆಯುವಾಗ “ಬೀಜ ಏನೂ ತಿಂದಿಲ್ಲ ತಾನೆ ಸಾರ್?” ಎಂದು ವಿಚಾರಿಸಿದ.

ಆಂಟಿ ತಾವೇ ಬೇಕರಿಗೆ ಹೋಗಿ ಬಿಳಿ ಬ್ರೆಡ್ಡು ತಂದು, ಬದಿಯ ಕಂದು ಭಾಗ ಕತ್ತರಿಸಿ, ಸಕ್ಕರೆ ಹಾಕಿದ ಹಾಲಿನ ಜೊತೆ ಕೊಟ್ಟರು. ನಾನು ಯಾವ ಮೈದಾವನ್ನು ವಿಷ ಎಂದು ಸಾರಿದ್ದೆನೋ ಅದು ಬಾಯಲ್ಲಿ ಕರಗಿತು. ಎಷ್ಟೋ ವಾರಗಳಿಂದ ಬೂಸಾ ಅಗಿದು ದಣಿದಿದ್ದ ದವಡೆಗೆ ಕೆಲಸವೇ ಇರಲಿಲ್ಲ. ಇನ್ನೊಂದು ತುಂಡು ಕೇಳಿದೆ. ಮತ್ತೊಂದು ಕೇಳಿದೆ.

“ಪಾಪ, ಬೂಸಾ ಮುಗಿದೋಯ್ತಾ ಸಾರ್?” ಎಂದರು ಆಂಟಿ. ಅವರ ಮುಖದಲ್ಲಿ ಈಗ ಕರುಣೆ ಇರಲಿಲ್ಲ.

ಎರಡನೆಯ ಪರೀಕ್ಷೆ ಸರಿಯಾಗಿ ಮುಗಿಯಿತು. ಎಚ್ಚರವಾದಾಗ ಈ ಸಲ ನಾನು ಡಾಕ್ಟರ್ ಹೇಳುವವರೆಗೆ ಕಾದೆ.

“ಒಂದು ಸಣ್ಣ ಗಂಟಿತ್ತು. ಅಲ್ಲೇ ತೆಗೆದಿದೀವಿ. ಪರೀಕ್ಷೆಗೆ ಕಳಿಸ್ತೀವಿ” ಎಂದರು.

ವರದಿ ಬರುವವರೆಗಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನಾರಿನ ವಿಷಯ ಎತ್ತಲಿಲ್ಲ. ಬೂಸಾ ಚೀಲವನ್ನು ಗಿರಿಜಾ ಸದ್ದಿಲ್ಲದೆ ಹಾಲು ಹಾಕುವವನಿಗೆ ಕೊಟ್ಟಳು. ನಾನು ಅವಳು ಹಾಕಿದ್ದನ್ನು ತಿಂದೆ: ಅನ್ನ, ಸೊಪ್ಪಿನ ಹುಳಿ, ಒಂದು ಬಾಳೆಹಣ್ಣು, ಚೊಂಬು ತುಂಬ ನೀರು. ಕೆಲವೊಮ್ಮೆ ಊಟದ ನಡುವೆ ಕೈ ನಿಂತುಬಿಡುತ್ತಿತ್ತು. ಆಗ ಅವಳು ಇನ್ನೊಂದು ಸೌಟು ಹುಳಿ ಬಡಿಸುತ್ತಿದ್ದಳು.

ವರದಿ ಬಂದ ದಿನ ಇಬ್ಬರೂ ಡಾಕ್ಟರ ಎದುರು ಕೂತೆವು. ಅವರು ಕಾಗದ ಓದಿ ತಲೆಯೆತ್ತಿದರು.

“ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟಿದ್ರೆ ಕೆಲವು ವರ್ಷಕ್ಕೆ ಆಗಬಹುದಾಗಿದ್ದ ಜಾತಿದು. ಅದಕ್ಕೇ ತೆಗೆಯೋದು. ಬೂಸಾ ತಿಂದ್ರೆ ಅದು ಉದುರಿ ಹೋಗ್ತಿರ್ಲಿಲ್ಲ.”

ಗಿರಿಜಾ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ನಾನು ಏನಾದರೂ ಘನವಾದ ಮಾತು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಣ್ಣನಿಗೆ ಅವಳೇ ಅಲ್ಲಿಂದ ಫೋನ್ ಮಾಡಿದಳು. “ಗಂಟು ಕ್ಯಾನ್ಸರ್ ಅಲ್ವಂತೆ ಭಾವ. ನೀವು ಹೇಳಿದ್ದಕ್ಕೇ ಗೊತ್ತಾಗಿದ್ದು” ಎಂದಳು. ಆ ಕಡೆಯಿಂದ ಅಣ್ಣ ಮೂಗು ಸೀಟಿದ ಸದ್ದು ನನಗೂ ಕೇಳಿಸಿತು.

ಡಾಕ್ಟರ್ ಫೈಲಿನ ಜೊತೆ ಒಂದು ಬಣ್ಣದ ಫೋಟೊ ಕೊಟ್ಟರು. ನನ್ನ ದೊಡ್ಡ ಕರುಳಿನ ಒಳಭಾಗ. ಗಿರಿಜಾ ಅದನ್ನು ಬೆಳಕಿಗೆ ಹಿಡಿದು, ಉತ್ತರ ಪತ್ರಿಕೆ ನೋಡುವಂತೆ ಬಹಳ ಹೊತ್ತು ನೋಡಿದಳು.

“ಮದುವೆ ಆದಾಗಿಂದ ಇವರು ಏನನ್ನಾದ್ರೂ ಇಷ್ಟು ಕ್ಲೀನ್ ಮಾಡಿರೋದು ಇದೇ ಮೊದಲು ಡಾಕ್ಟ್ರೇ” ಎಂದಳು.

ಡಾಕ್ಟರ್ ನಕ್ಕರು. ಗಂಭೀರ ಹೆಂಗಸು ಎಂದೆನಲ್ಲ, ಅವರೂ ನಕ್ಕರು. ನಾನು ಫೋಟೊ ಕಸಿದುಕೊಂಡು ನೋಡಿದೆ. ನಸುಗೆಂಪು ಬಣ್ಣ, ಒಂದು ಕಲೆಯಿಲ್ಲ, ಲಕಲಕ ಹೊಳೆಯುತ್ತಿತ್ತು. ಇಷ್ಟು ವರ್ಷಗಳಲ್ಲಿ ತೆಗೆಸಿಕೊಂಡ ಎಲ್ಲ ಫೋಟೊಗಳಲ್ಲಿ ನಾನು ಚೆನ್ನಾಗಿ ಬಂದಿರುವುದು ಅದೊಂದರಲ್ಲೇ.